ಮಕ್ಕಳ ಸಾಕ್ಷ್ಯಚಿತ್ರಕ್ಕೆ ಬಹುಮಾನದ ಜೊತೆ ಒಂದು ಉತ್ತರವನ್ನೂ ಕೊಡಿ: ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ, ಮತ್ತು ಪ್ರತಿವರ್ಷ ಪ್ರತಿಭಾ ಕಾರಂಜಿಯ ಸುತ್ತೋಲೆ ಸಿದ್ಧ ಮಾಡುವ ನೃಪತುಂಗ ರಸ್ತೆಯ ಅಧಿಕಾರಿಗಳಿಗೆ,

ನಮಸ್ಕಾರ. ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಪ್ರತಿಭಾ ಕಾರಂಜಿಗೆ ಈ ಸಲ ಸಾಕ್ಷ್ಯಚಿತ್ರದ ಸ್ಪರ್ಧೆಯನ್ನೂ ಸೇರಿಸಿ. ಎಂಟು, ಒಂಬತ್ತು, ಹತ್ತನೇ ಕ್ಲಾಸಿನ ಮಕ್ಕಳಿಗೆ. ಐದು ನಿಮಿಷದ ಚಿತ್ರ ಸಾಕು, ಮೊಬೈಲ್‌ನಲ್ಲಿ ತೆಗೆದರೂ ಸಾಕು. ವಿಷಯ ಮಾತ್ರ ದೇಶಕ್ಕೆ ಸೇರಿದ್ದಾಗಿರಲಿ. ನೀರು, ಕೆಲಸ, ಆರೋಗ್ಯ, ಕಸ, ವಲಸೆ, ಯಾವುದಾದರೂ ಸರಿ, ಮಕ್ಕಳೇ ಆರಿಸಿಕೊಳ್ಳಲಿ. ಗೆದ್ದ ಚಿತ್ರಗಳನ್ನು ಚಂದನ ವಾಹಿನಿಯಲ್ಲಿ ತೋರಿಸಿ. ಇನ್ನೊಂದಿದೆ, ನನ್ನ ಮಟ್ಟಿಗೆ ಅದೇ ಮುಖ್ಯ: ಮಕ್ಕಳು ತಮ್ಮ ಚಿತ್ರದಲ್ಲಿ ಯಾವ ಇಲಾಖೆಗೆ ಪ್ರಶ್ನೆ ಕೇಳಿರುತ್ತಾರೋ, ಆ ಇಲಾಖೆಯ ಅಧಿಕಾರಿಯೊಬ್ಬರು ಸಹಿ ಹಾಕಿದ ಉತ್ತರ ಆ ಶಾಲೆಗೆ ತಲುಪಬೇಕು. ಶಾಲು, ಹಾರ, ಫಲಕ ಎಲ್ಲ ಆಮೇಲೆ.

ನಾನು ಬೆಂಗಳೂರಿನಲ್ಲಿ ವಿಡಿಯೊ ಎಡಿಟ್ ಮಾಡಿ ಬದುಕುವವಳು. ಮದುವೆ, ಕಂಪನಿ ವಿಡಿಯೊ, ಜಾಹೀರಾತು ಅಂತ ಕೆಲಸ ಬರುತ್ತದೆ, ಅಪರೂಪಕ್ಕೆ ಒಂದು ಸಾಕ್ಷ್ಯಚಿತ್ರವೂ ಸಿಗುತ್ತದೆ. ಬಿಡುವಾದಾಗ ನಗರದ ಅಂಚಿನ ಒಂದು ಸರ್ಕಾರಿ ಪ್ರೌಢಶಾಲೆಗೆ ಹೋಗಿ ಮಕ್ಕಳಿಗೆ ಕ್ಯಾಮೆರಾ ಹಿಡಿಯುವುದು, ಪ್ರಶ್ನೆ ಕೇಳುವುದು, ಕತ್ತರಿಸಿ ಜೋಡಿಸುವುದು ಹೇಳಿಕೊಡುತ್ತೇನೆ. ಈ ಪತ್ರ ಬರೆಯಲು ಕಾರಣ ಆ ಮಕ್ಕಳು. ಅವರ ಕಥೆಗೆ ಬರುವ ಮೊದಲು ಬೇರೆ ದೇಶದ ಒಂದು ಉದಾಹರಣೆ ಹೇಳುತ್ತೇನೆ.

ಅಮೆರಿಕದಲ್ಲಿ ಸಿ-ಸ್ಪ್ಯಾನ್ ಅಂತ ಒಂದು ಟಿವಿ ಚಾನೆಲ್ ಇದೆ. 1979ರಿಂದ ಅಲ್ಲಿನ ಸಂಸತ್ತಿನ ಕಲಾಪವನ್ನು ನೇರವಾಗಿ ತೋರಿಸಿಕೊಂಡು ಬಂದಿದೆ. ಅದನ್ನು ನಡೆಸಲು ದುಡ್ಡು ಕೊಡುವುದು ಸರ್ಕಾರವಲ್ಲ, ಕೇಬಲ್ ಕಂಪನಿಗಳು. ಈ ಚಾನೆಲ್ 2004ರಿಂದ ಶಾಲಾ ಮಕ್ಕಳಿಗೆ ಸ್ಟೂಡೆಂಟ್‌ಕ್ಯಾಮ್ ಅನ್ನೋ ಸಾಕ್ಷ್ಯಚಿತ್ರ ಸ್ಪರ್ಧೆ ನಡೆಸುತ್ತಿದೆ. ಆರನೇ ಕ್ಲಾಸಿನಿಂದ ಹನ್ನೆರಡನೇ ಕ್ಲಾಸಿನವರೆಗಿನ ಮಕ್ಕಳು ಒಬ್ಬರೇ ಅಥವಾ ಇಬ್ಬರು ಮೂವರು ಸೇರಿ ಐದಾರು ನಿಮಿಷದ ಚಿತ್ರ ಮಾಡಿ ಕಳಿಸುತ್ತಾರೆ. ಒಟ್ಟು 150 ಬಹುಮಾನ, ಎಲ್ಲ ಸೇರಿ 1 ಲಕ್ಷ ಡಾಲರ್, ಅದರಲ್ಲಿ ಮೊದಲನೆಯದಕ್ಕೇ 5,000 ಡಾಲರ್. ದುಡ್ಡಿಗಿಂತ ನನಗೆ ಇಷ್ಟವಾದದ್ದು ಅವರು ಕೊಡುವ ವಿಷಯ. 2022-23ರಲ್ಲಿ 'ನೀವೇ ಹೊಸದಾಗಿ ಸಂಸತ್ತಿಗೆ ಆಯ್ಕೆಯಾಗಿದ್ದರೆ ಯಾವ ಸಮಸ್ಯೆಯನ್ನು ಮೊದಲು ಕೈಗೆತ್ತಿಕೊಳ್ಳುತ್ತಿದ್ದಿರಿ' ಅಂತ ಕೇಳಿದ್ದರು. 2024-25ರಲ್ಲಿ ಅಧ್ಯಕ್ಷರಿಗೆ ನಿಮ್ಮ ಸಂದೇಶ ಏನು, ನಿಮಗೋ ನಿಮ್ಮ ಊರಿಗೋ ಯಾವ ಸಮಸ್ಯೆ ಎಲ್ಲಕ್ಕಿಂತ ದೊಡ್ಡದು ಅಂತ ಕೇಳಿದರು. ಒಂದು ವಿಷಯಕ್ಕಿರುವ ಬೇರೆ ಬೇರೆ ಅಭಿಪ್ರಾಯಗಳನ್ನೂ ಚಿತ್ರದಲ್ಲಿ ತೋರಿಸಬೇಕು. ಗೆದ್ದ ಮುಖ್ಯ ಚಿತ್ರಗಳು ಏಪ್ರಿಲ್ ತಿಂಗಳಲ್ಲಿ ಅದೇ ಚಾನೆಲ್‌ನಲ್ಲಿ ಪ್ರಸಾರವಾಗುತ್ತವೆ. ಸಂಸತ್ತಿನ ಕಲಾಪ ಬರುವ ಜಾಗದಲ್ಲಿ ಹದಿನಾಲ್ಕು ಹದಿನೈದು ವರ್ಷದ ಮಕ್ಕಳ ಮಾತು ಬರುತ್ತದೆ.

ಅದನ್ನು ಹಾಗೇ ಇಲ್ಲಿಗೆ ತನ್ನಿ ಅಂತ ನಾನು ಹೇಳುತ್ತಿಲ್ಲ. ನಮ್ಮಲ್ಲಿ ಏನೇನಿದೆ ನೋಡಿ. ಕ್ಲಸ್ಟರ್‌ನಿಂದ ಶುರುವಾಗಿ ತಾಲ್ಲೂಕು, ಜಿಲ್ಲೆ, ರಾಜ್ಯದವರೆಗೆ ಹೋಗುವ ಪ್ರತಿಭಾ ಕಾರಂಜಿ ಇದೆ. ಹಳ್ಳಿ ಶಾಲೆಯ ಮಗುವೂ ಅದರಲ್ಲಿ ಹೆಸರು ಕೊಡಬಹುದು. ಇಷ್ಟು ಆಳಕ್ಕೆ ಇಳಿದ ವ್ಯವಸ್ಥೆ ನಮ್ಮಲ್ಲಿದೆ ಅನ್ನೋದು ನನಗೆ ನಿಜಕ್ಕೂ ಹೆಮ್ಮೆ. ಕಂಠಪಾಠ, ಆಶುಭಾಷಣ, ಛದ್ಮವೇಷ, ರಂಗೋಲಿ, ಜಾನಪದ ನೃತ್ಯ ಎಲ್ಲವೂ ಇರಲಿ, ಒಂದನ್ನೂ ತೆಗೆಯಬೇಡಿ. ಇನ್ನೊಂದು ಕಡೆ ಮಕ್ಕಳ ವಿಜ್ಞಾನ ಸಮಾವೇಶ ಇದೆ. 1993ರಿಂದ ದೇಶದಾದ್ಯಂತ ನಡೆಯುತ್ತಿದೆ, ಇಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ನೋಡಿಕೊಳ್ಳುತ್ತದೆ. ಮಕ್ಕಳು ತಮ್ಮ ಊರಿನ ಕೆರೆ, ಗೊಬ್ಬರ, ಬಾವಿ ಇವುಗಳ ಮೇಲೆ ಸರ್ವೆ ಮಾಡಿ ಚಾರ್ಟ್ ಹಾಕಿ ವಿವರಿಸುತ್ತಾರೆ. ಅಂದರೆ ಪ್ರಶ್ನೆ ಕೇಳುವ ಮಕ್ಕಳು ನಮ್ಮಲ್ಲೂ ಇದ್ದಾರೆ. ಆದರೆ ಅವರು ಕೇಳಿದ್ದು ಚಾರ್ಟ್‌ನಲ್ಲೇ ಉಳಿದುಬಿಡುತ್ತದೆ. ಸ್ಪರ್ಧೆ ಮುಗಿದ ಮೇಲೆ ಆ ಚಾರ್ಟ್ ಸ್ಟಾಫ್ ರೂಮಿನ ಬೀರುವಿನ ಮೇಲೆ ಸುರುಳಿ ಸುತ್ತಿ ಕೂತಿರುತ್ತದೆ.

ಪ್ರಬಂಧ ಸ್ಪರ್ಧೆಯ ಬಗ್ಗೆಯೂ ಒಂದು ಮಾತು. 'ಜಲ ಸಂರಕ್ಷಣೆಯ ಮಹತ್ವ' ಅಂತ ವಿಷಯ ಕೊಟ್ಟರೆ ಇಡೀ ಕ್ಲಾಸ್ ಬಹುತೇಕ ಒಂದೇ ಪ್ರಬಂಧ ಬರೆಯುತ್ತದೆ. ನೀರು ಜೀವಜಲ, ಹನಿ ಹನಿ ಸೇರಿದರೆ ಹಳ್ಳ, ಆದ್ದರಿಂದ ನಾವೆಲ್ಲರೂ ನೀರನ್ನು ಉಳಿಸೋಣ. ಮಕ್ಕಳದ್ದೇನೂ ತಪ್ಪಿಲ್ಲ, ಗೈಡ್‌ನಲ್ಲಿ ಹಾಗೇ ಇದೆ, ಹಾಗೆ ಬರೆದರೇ ಅಂಕ. ಸಾಕ್ಷ್ಯಚಿತ್ರವನ್ನು ಹಾಗೆ ಉರು ಹೊಡೆಯೋಕೆ ಆಗುವುದಿಲ್ಲ. ಯಾಕೆಂದರೆ ಎದುರಿಗೆ ಒಬ್ಬ ಮನುಷ್ಯ ಕೂತಿರುತ್ತಾನೆ, ನೀವು ಅಂದುಕೊಂಡಿದ್ದನ್ನು ಅವನು ಹೇಳುವುದಿಲ್ಲ.

ಇದು ನನಗೆ ಚೆನ್ನಾಗಿ ಅರ್ಥವಾಗಿದ್ದು 2024ರ ಬೇಸಿಗೆಯಲ್ಲಿ. ಆ ವರ್ಷ ಬೆಂಗಳೂರಿಗೆ ನೀರಿನ ಬರ ಬಂದಿದ್ದು ನಿಮಗೆ ನೆನಪಿದೆ. ನಗರದ ಸುಮಾರು 13,900 ಕೊಳವೆಬಾವಿಗಳಲ್ಲಿ 6,900 ಬತ್ತಿಹೋಗಿವೆ ಅಂತ ಮಾರ್ಚ್‌ನಲ್ಲಿ ಉಪಮುಖ್ಯಮಂತ್ರಿಗಳೇ ಹೇಳಿದ್ದರು. ನಾನು ಹೋಗುವ ಶಾಲೆ ಇರುವುದು 2007ರಲ್ಲಿ ಬಿಬಿಎಂಪಿಗೆ ಸೇರಿದ 110 ಹಳ್ಳಿಗಳ ಪೈಕಿ ಒಂದರಲ್ಲಿ. ಆಗಿನ್ನೂ ಅಲ್ಲಿಗೆ ಕಾವೇರಿ ನೀರು ಬಂದಿರಲಿಲ್ಲ. ಆ ಹಳ್ಳಿಗಳಿಗಾಗಿಯೇ ಮಾಡಿದ ಕಾವೇರಿ ಐದನೇ ಹಂತ ಉದ್ಘಾಟನೆ ಆಗಿದ್ದು ಅದೇ ವರ್ಷ ಅಕ್ಟೋಬರ್ 16ಕ್ಕೆ. ಬೇಸಿಗೆಯಲ್ಲಿ ಎಲ್ಲರೂ ಟ್ಯಾಂಕರ್ ನಂಬಿಕೊಂಡೇ ಇದ್ದರು. ಒಂಬತ್ತನೇ ಕ್ಲಾಸ್ ಮುಗಿಸಿದ್ದ ಕೆಲವು ಹುಡುಗ ಹುಡುಗಿಯರು ರಜೆಯಲ್ಲಿ ಚಿತ್ರ ಮಾಡುತ್ತೇವೆ ಅಂತ ಬಂದರು. ವಿಷಯ ಏನು ಅಂದರೆ, ಟ್ಯಾಂಕರ್.

ಅವರ ಮನಸ್ಸಿನಲ್ಲಿ ಚಿತ್ರ ಆಗಲೇ ತಯಾರಾಗಿತ್ತು. ಟ್ಯಾಂಕರ್‌ನವರು ಕೆಟ್ಟವರು, ಜನ ಪಾಪ. ಹಿನ್ನೆಲೆಗೆ ಎದೆ ನಡುಗಿಸುವ ಮ್ಯೂಸಿಕ್ಕನ್ನೂ ಆರಿಸಿಟ್ಟಿದ್ದರು. ನಾನು ಅಡ್ಡಿ ಮಾಡಲಿಲ್ಲ, ಹೋಗಿ ಮಾತಾಡಿಸಿಕೊಂಡು ಬನ್ನಿ ಅಂದೆ. ಮೊದಲ ದಿನದ ವಿಡಿಯೊ ನೋಡಿದರೆ ಪೂರ್ತಿ ಗಾಳಿ ಸದ್ದು, ಮುಖಗಳೆಲ್ಲ ಬೆಳಕಿಗೆ ಬೆನ್ನು ಮಾಡಿಕೊಂಡು ಕಪ್ಪು ಕಪ್ಪು. ಅದು ತಿದ್ದಬಹುದಾದದ್ದು. ನಿಜವಾದ ತೊಂದರೆ ಪ್ರಶ್ನೆಯಲ್ಲಿತ್ತು. 'ನೀರಿಗೆ ತುಂಬಾ ಕಷ್ಟ ಅಲ್ವಾ ಆಂಟಿ?' 'ಹೌದಪ್ಪ.' ಅಷ್ಟೇ, ಮಾತು ಮುಗೀತು. ಮರುದಿನ ಅದೇ ಹೆಂಗಸಿನ ಹತ್ತಿರ ಹೋಗಿ 'ನಿನ್ನೆ ಬೆಳಿಗ್ಗೆ ಎದ್ದಾಗಿಂದ ನೀರಿಗೆ ಏನೇನು ಮಾಡಿದ್ರಿ?' ಅಂತ ಕೇಳಿದರು. ಆಕೆ ನಿಲ್ಲಿಸದೆ ಮಾತಾಡಿದರು. ವಠಾರದ ಆರು ಮನೆ ಸೇರಿ ಟ್ಯಾಂಕರ್ ತರಿಸೋದು, ಕೆಲಸಕ್ಕೆ ಹೋದ ಮನೆಯವರ ಪಾಲಿನ ಡ್ರಮ್ ಕಾಯೋದು, ಮಗಳ ಯೂನಿಫಾರ್ಮ್ ತೊಳೆದ ನೀರನ್ನು ಬಚ್ಚಲಿಗೆ ಎತ್ತಿಡೋದು, ಎಲ್ಲ ಹೇಳಿದರು. ಒಂದು ಪ್ರಶ್ನೆ ಬದಲಾದಾಗ ಎಷ್ಟು ವ್ಯತ್ಯಾಸವಾಯಿತು ಅನ್ನೋದನ್ನು ಆ ಮಕ್ಕಳು ಕಣ್ಣಾರೆ ನೋಡಿದರು. ಇದನ್ನು ಯಾವ ಪಠ್ಯಪುಸ್ತಕದಿಂದ ಕಲಿಸೋದು ಹೇಳಿ?

ಆ ಚಿತ್ರದಲ್ಲಿ ಒಂದು ಶಾಟ್ ಇದೆ, ನನ್ನ ವೃತ್ತಿಯಲ್ಲಿರುವ ಯಾರಿಗೆ ತೋರಿಸಿದರೂ ಒಂದು ಕ್ಷಣ ಸುಮ್ಮನಾಗುತ್ತಾರೆ. ಗೋಡೆಗೆ ನೇತುಹಾಕಿದ ಕ್ಯಾಲೆಂಡರ್. ಹುಡುಗಿಯೊಬ್ಬಳ ತಾಯಿ ಟ್ಯಾಂಕರ್ ಬಂದ ದಿನಗಳಿಗೆಲ್ಲ ನೀಲಿ ಪೆನ್ನಿನಲ್ಲಿ ಸುತ್ತು ಹಾಕಿ, ತಿಥಿ ನಕ್ಷತ್ರ ಬರೆದಿರುವ ಸಣ್ಣ ಅಕ್ಷರಗಳ ಪಕ್ಕದಲ್ಲಿ ತಮ್ಮ ಪಾಲಿಗೆ ಎಷ್ಟು ದುಡ್ಡು ಬಂತು ಅಂತ ಬರೆದಿಟ್ಟಿದ್ದರು. ಜನವರಿ ಪುಟದಲ್ಲಿ ಸುತ್ತುಗಳು ದೂರ ದೂರ ಇವೆ. ಮಾರ್ಚ್ ಪುಟದಲ್ಲಿ ಒತ್ತೊತ್ತಾಗಿವೆ, ಮೊತ್ತವೂ ಏರಿದೆ. ಏಪ್ರಿಲ್ ಪುಟದಲ್ಲಿ ಯುಗಾದಿಯ ದಿನಕ್ಕೂ ಒಂದು ಸುತ್ತು. ಮಗಳು ಕ್ಯಾಮೆರಾ ಹಿಡಿದು ಪುಟ ತಿರುವುತ್ತಾ ಹೋಗಿದ್ದಾಳೆ, ಒಂದು ಮಾತೂ ಆಡಿಲ್ಲ. ಯಾರೂ ಹೇಳಿಕೊಟ್ಟಿದ್ದಲ್ಲ ಅದು.

ಆಮೇಲೆ ಟ್ಯಾಂಕರ್ ಡ್ರೈವರ್ ಸಿಕ್ಕರು. ಇವರು ಬೈಗುಳ ನಿರೀಕ್ಷಿಸಿಕೊಂಡು ಹೋಗಿದ್ದರು. ಆತ ಸ್ಟೀರಿಂಗ್ ಮೇಲೆ ಕೈ ಇಟ್ಟುಕೊಂಡು ಸಮಾಧಾನವಾಗಿ ಹೇಳಿದ್ದು ಇಷ್ಟು: ಬೆಳಗಿನ ಜಾವ ಮೂರಕ್ಕೆ ಬೋರ್ ಹತ್ತಿರ ಸಾಲು ನಿಲ್ಲಬೇಕು, ಬೋರ್ ಮಾಲೀಕ ಲೋಡಿಗೆ ಇಷ್ಟು ಅಂತ ಏರಿಸಿದರೆ ನಾನು ಏರಿಸಲೇಬೇಕು, ಗಾಡಿ ನನ್ನದಲ್ಲ, ಸಂಬಳದವನು, ನಮ್ಮ ಮನೆಗೂ ನೀರಿಲ್ಲ. ವಾಪಸ್ ಬಂದ ಮಕ್ಕಳ ಮುಖ ನೋಡಬೇಕಿತ್ತು. ಅವರ ಚಿತ್ರದ ವಿಲನ್ ಇಲ್ಲವಾಗಿದ್ದ. ಈ ಇಂಟರ್‌ವ್ಯೂ ಬಿಟ್ಟುಬಿಡೋಣ ಅಂದ ಒಬ್ಬ ಹುಡುಗ. ಹಾಕಲೇಬೇಕು ಅಂತ ಇನ್ನೊಬ್ಬಳು ಹಟ ಹಿಡಿದಳು. ಜಗಳವಾಗಿ, ಕೊನೆಗೆ ಹಾಕಿದರು. ಎದೆ ನಡುಗಿಸುವ ಮ್ಯೂಸಿಕ್ ತೆಗೆದರು. ಬೇರೆ ಬೇರೆ ಅಭಿಪ್ರಾಯ ಇರಬೇಕು ಅಂತ ಅಮೆರಿಕದವರು ನಿಯಮದಲ್ಲಿ ಬರೆದಿರುವುದನ್ನು ಈ ಮಕ್ಕಳು ತಮ್ಮ ಬೀದಿಯಲ್ಲೇ ಜಗಳವಾಡಿ ಕಂಡುಕೊಂಡರು.

ಅಷ್ಟಾದ ಮೇಲೆ ಅವರಿಗೆ ನಿಜವಾದ ಪ್ರಶ್ನೆ ಸಿಕ್ಕಿತು. ಆ ಮಾರ್ಚ್‌ನಲ್ಲಿ ಬೆಂಗಳೂರು ಜಿಲ್ಲಾಡಳಿತ ಟ್ಯಾಂಕರ್ ನೀರಿಗೆ ದರ ನಿಗದಿ ಮಾಡಿತ್ತು. ಐದು ಕಿಲೋಮೀಟರ್ ಒಳಗಾದರೆ 6,000 ಲೀಟರ್‌ಗೆ 600 ರೂಪಾಯಿ, 8,000 ಲೀಟರ್‌ಗೆ 700, 12,000 ಲೀಟರ್‌ಗೆ 1,000, ಮೇಲೆ ಜಿಎಸ್‌ಟಿ. ಮಕ್ಕಳು ಪೇಪರ್‌ನಿಂದ ಆ ಸುದ್ದಿ ಕತ್ತರಿಸಿ ಕ್ಯಾಲೆಂಡರ್ ಪಕ್ಕದಲ್ಲಿಟ್ಟು ನೋಡಿದರು. ಎರಡೂ ಹೊಂದಲಿಲ್ಲ. ಚಿತ್ರದ ಕೊನೆಯಲ್ಲಿ ಒಬ್ಬಳು ಕ್ಯಾಮೆರಾ ನೋಡಿ ಕೇಳುತ್ತಾಳೆ: 'ಸರ್ಕಾರ ಹೇಳಿದ ರೇಟು ನಮ್ಮ ಬೀದಿಗೆ ಯಾಕೆ ಬರಲಿಲ್ಲ? ಬರದಿದ್ದರೆ ನಾವು ಯಾರಿಗೆ ಹೇಳಬೇಕು?' ಯಾರಿಗೆ ಅನ್ನೋದೇ ದೊಡ್ಡ ಸಮಸ್ಯೆ ಆಗಿತ್ತು. ಕಾರ್ಪೊರೇಟರನ್ನು ಮಾತಾಡಿಸೋಣ ಅಂದರೆ 2020ರ ಸೆಪ್ಟೆಂಬರ್‌ನಿಂದ ಬೆಂಗಳೂರಿಗೆ ಚುನಾಯಿತ ಕಾರ್ಪೊರೇಟರೇ ಇರಲಿಲ್ಲ. ಲೋಕಸಭಾ ಚುನಾವಣೆಯ ಸಮಯ ಬೇರೆ. ಸಂಬಂಧಪಟ್ಟ ಒಂದು ಕಚೇರಿಗೆ ಪತ್ರ ಬರೆದು, ಪೆನ್‌ಡ್ರೈವ್‌ನಲ್ಲಿ ಚಿತ್ರ ಹಾಕಿ ಕೊಟ್ಟು, ಸೀಲ್ ಹಾಕಿಸಿಕೊಂಡು ಬಂದರು. ಆ ಸೀಲ್ ಹಾಕಿದ ಕಾಪಿ ಈಗಲೂ ಇದೆ. ಉತ್ತರ ಬರಲಿಲ್ಲ.

ಶಾಲೆ ಶುರುವಾದ ಮೇಲೆ ಚಿತ್ರವನ್ನು ಗೋಡೆ ಮೇಲೆ ತೋರಿಸಿದೆವು. ಎಲ್ಲರೂ ಚಪ್ಪಾಳೆ ತಟ್ಟಿದರು. ಮುಖ್ಯೋಪಾಧ್ಯಾಯರು ಪ್ರಶಂಸಾಪತ್ರ ಕೊಟ್ಟರು, ಅಪ್ಪ ಅಮ್ಮಂದಿರು ಫೋಟೊ ತೆಗೆಸಿಕೊಂಡರು. ಕೆಳಗಿಳಿದು ಬಂದ ಹುಡುಗಿ ನನ್ನನ್ನು ಕೇಳಿದ್ದು ಒಂದೇ: 'ಅಕ್ಕ, ಆ ಆಫೀಸಿನವರು ನೋಡಿದ್ರಾ?' ನನ್ನ ಹತ್ತಿರ ಹೇಳಲು ಏನೂ ಇರಲಿಲ್ಲ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಪ್ರಶಸ್ತಿ ಬೇಡ ಅಂತಲ್ಲ ಸರ್. ಮಕ್ಕಳಿಗೆ ಪ್ರಶಸ್ತಿ ಬೇಕು, ಅವರ ಅಪ್ಪ ಅಮ್ಮನಿಗೆ ಇನ್ನೂ ಜಾಸ್ತಿ ಬೇಕು. ಎಸ್ಸೆಸ್ಸೆಲ್ಸಿ ಹತ್ತಿರ ಬರುತ್ತಿರುವಾಗ ಮಗಳು ಕ್ಯಾಮೆರಾ ಹಿಡಿದು ತಿರುಗುತ್ತಿದ್ದಾಳೆ ಅಂತ ತಲೆಕೆಡಿಸಿಕೊಂಡ ತಂದೆಗೆ ವೇದಿಕೆಯ ಮೇಲೆ ಅವಳ ಹೆಸರು ಕರೆಯುವುದು ಬಹಳ ದೊಡ್ಡದು. ಆದರೆ ಒಂದು ದೇಶದ ಸಮಸ್ಯೆ ಬಗ್ಗೆ ಮಗು ಗಂಭೀರವಾಗಿ ಕೆಲಸ ಮಾಡಿ ತಂದಿಟ್ಟಾಗ ನಾವು 'ತುಂಬಾ ಚೆನ್ನಾಗಿದೆ ಪುಟ್ಟಿ' ಅಂತ ಬೆನ್ನು ತಟ್ಟಿ ಕಳಿಸಿದರೆ, ಆ ಮಗು ಕಲಿಯುವುದೇನು? ಪ್ರಶ್ನೆ ಕೇಳಿದರೆ ಚಪ್ಪಾಳೆ ಸಿಗುತ್ತದೆ, ಉತ್ತರ ಸಿಗುವುದಿಲ್ಲ ಅಂತ. ಹದಿನಾಲ್ಕನೇ ವಯಸ್ಸಿಗೆ ಇದನ್ನು ಕಲಿಸಿಬಿಟ್ಟರೆ ಹದಿನೆಂಟಕ್ಕೆ ವೋಟು ಹಾಕು ಬಾ ಅಂತ ಯಾವ ಮುಖ ಇಟ್ಟುಕೊಂಡು ಕರೆಯುವುದು?

ಉತ್ತರ ಅಂದರೆ ಸಮಸ್ಯೆ ಬಗೆಹರಿಸಲೇಬೇಕು ಅಂತ ನಾನು ಹೇಳುತ್ತಿಲ್ಲ. 'ದರ ನಿಗದಿ ಮಾಡಿದ್ದು ನಿಜ, ಪರಿಶೀಲನೆಗೆ ನಮ್ಮಲ್ಲಿ ಇಷ್ಟೇ ಸಿಬ್ಬಂದಿ ಇದ್ದಾರೆ, ನಿಮ್ಮ ಬೀದಿಗೆ ಬರಲು ಆಗಲಿಲ್ಲ, ಮುಂದೆ ದೂರು ಕೊಡಬೇಕಾದದ್ದು ಇಲ್ಲಿ' ಅಂತ ನಾಲ್ಕು ಸಾಲು ಬರೆದರೆ ಸಾಕು. ಬರೆದವರ ಹೆಸರು, ಹುದ್ದೆ, ಸಹಿ ಇರಲಿ. ಮಾಹಿತಿ ಹಕ್ಕು ಕಾಯ್ದೆ 2005ರಿಂದ ಇದೆ, ಅದರಲ್ಲಿ 30 ದಿನ ಅಂತ ಗಡುವಿದೆ. ಗೆದ್ದ ಚಿತ್ರಗಳಿಗೂ ಅಷ್ಟೇ ಗಡುವು ಇಡಿ. ಹಳ್ಳಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಸುತ್ತೀರಿ, ಶಾಲೆಯ ಶೌಚಾಲಯ, ಬಸ್ಸು, ಬೀದಿದೀಪ ಅಂತ ಮಕ್ಕಳು ಎದ್ದು ನಿಂತು ಪಿಡಿಒ ಎದುರಿಗೆ ಕೇಳುತ್ತಾರೆ. ಬೆಂಗಳೂರಿನ ಮಕ್ಕಳಿಗೆ ಅಂಥ ಜಾಗವೂ ಇಲ್ಲ. ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯಲ್ಲಿ, ಮಕ್ಕಳಿಗೆ ಸಂಬಂಧಪಟ್ಟ ವಿಷಯದಲ್ಲಿ ಅವರ ಮಾತು ಕೇಳಬೇಕು, ಅವರು ತಮಗೆ ಬೇಕಾದ ಮಾಧ್ಯಮದಲ್ಲಿ ಅಭಿಪ್ರಾಯ ಹೇಳಬಹುದು ಅಂತ 12 ಮತ್ತು 13ನೇ ವಿಧಿಗಳು ಹೇಳುತ್ತವೆ. ನಾವೇ ಒಪ್ಪಿಕೊಂಡ ಮಾತು ಅದು.

ದೇಶದ ಸಮಸ್ಯೆ ಅಂದರೆ ಮಕ್ಕಳಿಗೆ ದೂರದ ವಿಷಯ, ಅವರಿಗೇನು ಗೊತ್ತಾಗುತ್ತದೆ ಅನ್ನುವವರಿದ್ದಾರೆ. ಅವರಿಗೆ ನಮ್ಮ ಶಾಲೆಯ ಒಂದು ಹಾಜರಿ ಪುಸ್ತಕ ತೋರಿಸಬೇಕು. ಯಾದಗಿರಿ, ರಾಯಚೂರು, ಕಲಬುರಗಿಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳ ಹೆಸರುಗಳು ಅದರಲ್ಲಿವೆ. ಕಟ್ಟಡ ಮುಗಿದರೆ ಆ ಹೆಸರಿನ ಮುಂದೆ ಹಾಜರಿ ನಿಂತುಹೋಗುತ್ತದೆ. ವಲಸೆ ಅನ್ನೋ ರಾಷ್ಟ್ರೀಯ ಸಮಸ್ಯೆ ಪಕ್ಕದ ಬೆಂಚಿನಲ್ಲೇ ಕೂತಿತ್ತು, ಈಗ ಆ ಬೆಂಚು ಖಾಲಿ. ಮಂಡೂರಿನ ಮಕ್ಕಳನ್ನು ಕಸದ ಬಗ್ಗೆ ಕೇಳಿ. ಬೆಂಗಳೂರಿನ ಕಸವನ್ನು ಅವರ ಊರಿಗೆ ಸುರಿಯುವುದು 2014ರ ಕೊನೆಯಲ್ಲಿ ನಿಂತಾಗ ಇವತ್ತಿನ ಪ್ರೌಢಶಾಲೆ ಮಕ್ಕಳು ಇನ್ನೂ ಮಗ್ಗಿ ಕಲಿಯುವ ವಯಸ್ಸಿನವರೂ ಆಗಿರಲಿಲ್ಲ. ಅದರ ಕಥೆ ಅವರ ಮನೆಯ ಹಿರಿಯರ ಬಾಯಲ್ಲಿದೆ, ಇನ್ನೂ ಯಾರೂ ಸರಿಯಾಗಿ ಕೇಳಿಸಿಕೊಂಡಿಲ್ಲ. ಬೆಳ್ಳಂದೂರು ಕೆರೆಯ ನೊರೆ, 2017ರಲ್ಲಿ ಮತ್ತೆ 2018ರಲ್ಲಿ ಅಲ್ಲಿ ಹೊತ್ತಿಕೊಂಡ ಬೆಂಕಿ ಇವೆಲ್ಲ ವಿದೇಶದ ಪತ್ರಿಕೆಗಳಲ್ಲೂ ಬಂದವು. ಕೆರೆಯ ಪಕ್ಕದ ಸರ್ಕಾರಿ ಶಾಲೆಯ ಮಗುವಿನ ಕಣ್ಣಲ್ಲಿ ಅದು ಹೇಗೆ ಕಂಡಿತು ಅಂತ ಮಾತ್ರ ನಮಗೆ ಗೊತ್ತಿಲ್ಲ.

ನನಗೆ ತುಂಬಾ ದಿನದಿಂದ ಒಂದು ಆಸೆ ಇದೆ, ಅದನ್ನೂ ಹೇಳುತ್ತೇನೆ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಕಳಿಸುವ ಕೆ.ಸಿ. ವ್ಯಾಲಿ ಯೋಜನೆ ಇದೆಯಲ್ಲ, 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ನೀರು ಹರಿಯಿತು. ವರ್ಷಗಟ್ಟಲೆ ಒಣಗಿದ್ದ ಕೆರೆ ತುಂಬಿತು, ಬೋರ್‌ನಲ್ಲಿ ನೀರು ಮೇಲೆ ಬಂತು ಅಂತ ಸಂತೋಷಪಡುವ ರೈತರು ಅಲ್ಲಿದ್ದಾರೆ. ಎರಡೇ ಹಂತ ಶುದ್ಧೀಕರಿಸಿದ ನೀರು ಸಾಲದು, ಮೂರನೇ ಹಂತವೂ ಬೇಕು ಅಂತ ಹೋರಾಡುವ ರೈತರೂ ಅಲ್ಲೇ ಇದ್ದಾರೆ. ಇಲ್ಲಿನ ಒಂದು ಶಾಲೆಯ ಮಕ್ಕಳು ನೀರು ಹೊರಡುವ ತುದಿಯನ್ನು ಚಿತ್ರ ಮಾಡಲಿ, ಕೋಲಾರದ ಒಂದು ಶಾಲೆಯ ಮಕ್ಕಳು ನೀರು ಸೇರುವ ತುದಿಯನ್ನು ಚಿತ್ರ ಮಾಡಲಿ, ಎರಡನ್ನೂ ಜೋಡಿಸಿ ಚಂದನದಲ್ಲಿ ಒಟ್ಟಿಗೆ ತೋರಿಸಿ. ನಗರಕ್ಕೂ ಹಳ್ಳಿಗೂ ಏನು ಸಂಬಂಧ ಅಂತ ಸಮಾಜ ವಿಜ್ಞಾನದ ಪಾಠ ಅದಕ್ಕಿಂತ ಚೆನ್ನಾಗಿ ಮಾಡೋಕಾಗುತ್ತದಾ?

ಈಗ ಕಷ್ಟದ ವಿಷಯಗಳಿಗೆ ಬರುತ್ತೇನೆ. ಮೊದಲನೆಯದು ಶಿಕ್ಷಕರ ಭಯ. ಎಷ್ಟೋ ಒಳ್ಳೆಯ ಮೇಷ್ಟ್ರುಗಳು ಮೇಡಂಗಳು ನನ್ನ ಹತ್ತಿರ ಒಂದೇ ಮಾತು ಹೇಳಿದ್ದಾರೆ: 'ಮಕ್ಕಳು ಏನಾದ್ರೂ ಕೇಳಿಬಿಟ್ಟರೆ ನೋಟಿಸ್ ಬರೋದು ನಮಗೆ.' ಶಾಲೆಯ ಸೋರುವ ಸೂರನ್ನೋ, ಬೀಗ ಹಾಕಿದ ಶೌಚಾಲಯವನ್ನೋ ಮಕ್ಕಳು ಚಿತ್ರದಲ್ಲಿ ತೋರಿಸಿದರು ಅಂತ ಮುಖ್ಯೋಪಾಧ್ಯಾಯರ ಮೇಲೆ ಕ್ರಮ ಆಗುವುದಾದರೆ ಈ ಸ್ಪರ್ಧೆಗೆ ಬರುವುದು ಹೂವು, ಹಕ್ಕಿ, ಸ್ವಚ್ಛತಾ ಘೋಷಣೆ ಮಾತ್ರ. ಆದ್ದರಿಂದ ಸುತ್ತೋಲೆಯಲ್ಲೇ ಬರೆಯಿರಿ, ಈ ಸ್ಪರ್ಧೆಗೆ ಮಾಡಿದ ಚಿತ್ರದಲ್ಲಿನ ವಿಷಯಕ್ಕಾಗಿ ಯಾವ ಶಿಕ್ಷಕರಿಗೂ ನೋಟಿಸ್ ಕೊಡುವಂತಿಲ್ಲ ಅಂತ. ಬಾಯಿಮಾತಿನ ಭರವಸೆ ಬಿಇಒ ಕಚೇರಿಯವರೆಗೆ ಹೋಗುವುದರಲ್ಲಿ ಕರಗಿಹೋಗುತ್ತದೆ, ಕಾಗದದ ಮೇಲೆ ಇದ್ದರೆ ಉಳಿಯುತ್ತದೆ.

ಎರಡನೆಯದು ಮಕ್ಕಳ ಸುರಕ್ಷತೆ, ಇದರಲ್ಲಿ ಸಡಿಲ ಬೇಡವೇ ಬೇಡ. ಮ್ಯಾನ್‌ಹೋಲ್ ಹತ್ತಿರ, ಹೈವೇ ಪಕ್ಕ, ಕ್ವಾರಿ ಅಂಚಿನಲ್ಲಿ ಚಿತ್ರೀಕರಣ ಕೂಡದು. ದೊಡ್ಡವರೊಬ್ಬರು ಜೊತೆಗಿರಲೇಬೇಕು. ಮಾತಾಡಿಸುವವರ ಒಪ್ಪಿಗೆ ಮೊದಲು ಕೇಳಬೇಕು. ಎದುರಿಗಿರುವುದು ಇನ್ನೊಂದು ಮಗುವಾದರೆ ಅದರ ಅಪ್ಪ ಅಮ್ಮನ ಒಪ್ಪಿಗೆಯೂ ಬೇಕು. ದೌರ್ಜನ್ಯಕ್ಕೆ ಒಳಗಾದ ಮಗುವಿನ ಗುರುತು ಬಯಲು ಮಾಡುವುದನ್ನು ಪೋಕ್ಸೊ ಕಾಯ್ದೆಯೂ 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ನೂ ತಡೆಯುತ್ತವೆ. ಇದನ್ನು ಮಕ್ಕಳಿಗೆ ಮೊದಲ ಪಾಠವಾಗಿಯೇ ಹೇಳಬೇಕು. ನಾನು ಹೇಳಿಕೊಟ್ಟಿದ್ದೇನೆ, ಅವರಿಗೆ ಅರ್ಥವಾಗುತ್ತದೆ, ಎಷ್ಟೋ ಸಲ ನಮಗಿಂತ ಚೆನ್ನಾಗಿ. ಕ್ಯಾಲೆಂಡರ್ ತೋರಿಸಿದ ಆ ಹುಡುಗಿ ತನ್ನ ತಾಯಿಯ ಮುಖ ತೋರಿಸಲಿಲ್ಲ, 'ಅಮ್ಮನಿಗೆ ಇಷ್ಟ ಇಲ್ಲ' ಅಂದಳು, ಅಲ್ಲಿಗೆ ಮುಗೀತು.

ಶಾಲೆಗೆ ಮೊಬೈಲ್ ತರಬಾರದು ಅನ್ನೋ ನಿಯಮ ಮುರಿಯಬೇಕಾಗಿಲ್ಲ. ಶಾಲೆಗೆ ಒಂದು ಫೋನ್, ಶಿಕ್ಷಕರ ಹತ್ತಿರ ಇರಲಿ, ಚಿತ್ರೀಕರಣಕ್ಕೆ ಮಾತ್ರ ಹೊರಗೆ ಬರಲಿ. ಕಾಲರ್‌ಗೆ ಸಿಕ್ಕಿಸುವ ಒಂದು ಮೈಕ್ ಕೊಟ್ಟರೆ ಇನ್ನೂ ಒಳ್ಳೆಯದು, ಮಕ್ಕಳ ಚಿತ್ರ ಕೆಡುವುದು ಬಹುತೇಕ ಧ್ವನಿಯಿಂದಲೇ. ಎಡಿಟ್ ಮಾಡಲು ಪುಕ್ಕಟೆ ಆ್ಯಪ್‌ಗಳಿವೆ. ಟಿವಿಯ ವಿಷಯಕ್ಕೆ ಬಂದರೆ, ಕೋವಿಡ್ ಸಮಯದಲ್ಲಿ 2020ರಲ್ಲಿ ಇದೇ ಇಲಾಖೆ ಚಂದನದಲ್ಲಿ 'ಸಂವೇದ' ಪಾಠಗಳನ್ನು ಪ್ರಸಾರ ಮಾಡಿತ್ತು. ಶಾಲೆ ಮುಚ್ಚಿದ್ದಾಗ ಮನೆಯಲ್ಲಿ ಕೂತ ಮಕ್ಕಳನ್ನು ಟಿವಿ ಮೂಲಕ ತಲುಪಿದ್ದೀರಿ. ಆಗ ಶಿಕ್ಷಕರು ಟಿವಿಯಲ್ಲಿ ಬಂದರು, ಈಗ ಮಕ್ಕಳು ಬರಲಿ. ವಾರಕ್ಕೆ ಅರ್ಧ ಗಂಟೆ ಸಾಕು.

ಭಾಷೆಯ ವಿಷಯದಲ್ಲಿ ನನಗೆ ಸ್ವಲ್ಪ ಹೆಚ್ಚೇ ಕಾಳಜಿ ಇದೆ. ಬೆಂಗಳೂರಿನ ದೊಡ್ಡ ಖಾಸಗಿ ಶಾಲೆಗಳಲ್ಲಿ ಮೀಡಿಯಾ ಲ್ಯಾಬ್ ಇದೆ, ಇಂಗ್ಲಿಷ್‌ನಲ್ಲಿ ಚಿತ್ರ ಮಾಡಿ ಹೊರದೇಶದ ಸ್ಪರ್ಧೆಗೂ ಕಳಿಸುತ್ತಾರೆ. ಆ ಮಕ್ಕಳಿಗೂ ಒಳ್ಳೆಯದಾಗಲಿ. ಆದರೆ ಟ್ಯಾಂಕರ್ ಕಾಯುವ ಮನೆಯ ಮಗು ತನ್ನ ಮನೆ ಮಾತಿನಲ್ಲೇ ಚಿತ್ರ ಮಾಡಿದರೂ ರಾಜ್ಯ ಮಟ್ಟಕ್ಕೆ ಹೋಗುವಂತಿರಬೇಕು. ಕನ್ನಡ, ಮತ್ತು ಈ ಊರಿನ ಸರ್ಕಾರಿ ಶಾಲೆಗಳಲ್ಲಿರುವ ಉರ್ದು, ತಮಿಳು, ತೆಲುಗು, ಎಲ್ಲಕ್ಕೂ ಅವಕಾಶ ಇರಲಿ, ಕೆಳಗೆ ಕನ್ನಡ ಅಕ್ಷರ ಹಾಕಿದರಾಯಿತು. ತೀರ್ಪುಗಾರರಿಗೂ ಹೇಳಿ, ಡ್ರೋನ್ ಶಾಟ್‌ಗೆ ಅಂಕ ಬೇಡ. ಮಕ್ಕಳು ತಮ್ಮ ಅಭಿಪ್ರಾಯಕ್ಕೆ ವಿರುದ್ಧ ಇರುವವರನ್ನು ಮಾತಾಡಿಸಿದರಾ, ಹೇಳಿದ ಅಂಕಿಸಂಖ್ಯೆ ಎಲ್ಲಿಂದ ತಂದರು, ಮಾತು ಸ್ಪಷ್ಟವಾಗಿ ಕೇಳಿಸುತ್ತದಾ, ದೊಡ್ಡವರು ಬರೆದುಕೊಟ್ಟ ವಾಚನ ಇದೆಯಾ, ಇಷ್ಟನ್ನು ನೋಡಲಿ.

ಒಂದೇ ಸಲ ಇಡೀ ರಾಜ್ಯಕ್ಕೆ ಮಾಡುವುದು ಕಷ್ಟವಾದರೆ ಈ ವರ್ಷ ಬೆಂಗಳೂರು ಉತ್ತರ, ಬೆಂಗಳೂರು ದಕ್ಷಿಣ ಮತ್ತು ಕೋಲಾರ ಶೈಕ್ಷಣಿಕ ಜಿಲ್ಲೆಗಳಲ್ಲಿ ಮಾಡಿ ನೋಡಿ. ಈ ಊರಿನಲ್ಲಿ ಎಡಿಟರ್‌ಗಳು, ಕ್ಯಾಮೆರಾದವರು, ಸೌಂಡ್ ರೆಕಾರ್ಡ್ ಮಾಡುವವರು ಸಾಕಷ್ಟು ಜನ ಇದ್ದೇವೆ. ನನ್ನ ಪರಿಚಯದ ಹಲವರು ಶನಿವಾರ ಮಧ್ಯಾಹ್ನ ಯಾವ ಸರ್ಕಾರಿ ಶಾಲೆಗೆ ಕರೆದರೂ ಬಂದು ಕಲಿಸಲು ತಯಾರಿದ್ದಾರೆ. ಸಂಬಳ ಬೇಡ, ಬಸ್ ಚಾರ್ಜ್ ಕೂಡ ಬೇಡ. ನಮಗೆ ಬೇಕಾಗಿರುವುದು ಶಾಲೆಯೊಳಗೆ ಹೋಗಲು ಇಲಾಖೆಯ ಅನುಮತಿ ಪತ್ರ, ಪ್ರತಿಭಾ ಕಾರಂಜಿಯ ಸುತ್ತೋಲೆಯಲ್ಲಿ ಈ ಸ್ಪರ್ಧೆಯ ಹೆಸರು, ಮತ್ತು ಅದರ ಕೆಳಗೆ ಉತ್ತರ ಕೊಡಬೇಕಾದ ಅಧಿಕಾರಿ ಯಾರು, ಎಷ್ಟು ದಿನದೊಳಗೆ ಅಂತ ಒಂದು ಸಾಲು.

ಇತಿ ನಿಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ವಿಡಿಯೊ ಎಡಿಟರ್